ಮನೆಮಾತಲ್ಲಿ ವಿಜ್ಞಾನ ಬರೆದ ಬೆಳ್ಳಾವೆ ಮೇಷ್ಟ್ರು

ಹುಣಸೂರು: ಹತ್ತನೇ ಕ್ಲಾಸಿನ ಮಕ್ಕಳು ರಾಸಾಯನಿಕ ಸಮೀಕರಣ ಉರು ಹೊಡೀತಾರೆ. ಆದರೆ ಮನೆ ಹಿಂದಿನ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಹಸಿರು ಬಿಟ್ಟು ಹಳದಿಗೆ ತಿರುಗೋದೂ ರಸಾಯನಶಾಸ್ತ್ರವೇ ಅನ್ನೋದು ಎಷ್ಟೋ ಮಕ್ಕಳಿಗೆ ಹೊಳೆಯುವುದಿಲ್ಲ. ಪಾಠಕ್ಕೂ ಮನೆಗೂ ನಡುವಿನ ಈ ದೂರವನ್ನು ಬರವಣಿಗೆಯಿಂದ ಕಡಿಮೆ ಮಾಡಲು ನೂರು ವರ್ಷದ ಹಿಂದೆಯೇ ಕೈಹಾಕಿದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪ.

1872ರಲ್ಲಿ ಹುಟ್ಟಿದ ಅವರ ಊರು ತುಮಕೂರು ಸೀಮೆಯ ಬೆಳ್ಳಾವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಆಗ ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲೇ. ಕನ್ನಡ ಮಾತ್ರ ಬಲ್ಲ ರೈತನಿಗೆ, ಅಂಗಡಿಯವನಿಗೆ ಅದರಲ್ಲಿ ಪಾಲೇ ಇರಲಿಲ್ಲ.

1918ರಲ್ಲಿ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರತಂದರು. ಕನ್ನಡದಲ್ಲಿ ವಿಜ್ಞಾನ ಬರೆಯೋದು ಆಗ ಸುಲಭದ ಕೆಲಸ ಆಗಿರಲಿಲ್ಲ. ಎಷ್ಟೋ ವಿಷಯಕ್ಕೆ ಪದವೇ ಇರಲಿಲ್ಲ, ಒಂದೊಂದನ್ನೂ ಹುಡುಕಿ ಕಟ್ಟಬೇಕಿತ್ತು. ಪತ್ರಿಕೆ ಬಾಳಿದ್ದು ಸುಮಾರು ಎರಡೇ ವರ್ಷ.

ಪತ್ರಿಕೆ ನಿಂತರೂ ಮೇಷ್ಟ್ರ ಪೆನ್ನು ನಿಲ್ಲಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದರು, ಹಳಗನ್ನಡದ ಪಂಪಭಾರತವನ್ನು ಸಂಪಾದಿಸಿಕೊಟ್ಟರು. 1937ರಲ್ಲಿ ಜಮಖಂಡಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅರವತ್ತೈದು ದಾಟಿದ ಮೇಲೂ 'ಜೀವವಿಜ್ಞಾನ' ಎಂಬ ಪುಸ್ತಕ ಬರೆದರು. 1943ರಲ್ಲಿ ತೀರಿಕೊಂಡರು.

ಅವರು ಹಾಕಿದ ದಾರಿ ನಮ್ಮ ತಾಲ್ಲೂಕುಗಳ ಶಾಲೆಗಳಿಗೆ ಇವತ್ತಿಗೂ ಹೊಂದುತ್ತದೆ. ಹುಣಸೂರು, ಪಿರಿಯಾಪಟ್ಟಣದ ಮಗು ಬ್ಯಾರನ್ ಬಿಸಿಗೆ ಎಲೆಯ ಪಿಷ್ಟ ಸಕ್ಕರೆಯಾಗುವುದನ್ನು ಅಪ್ಪನಿಗೆ ಅರ್ಥವಾಗುವಂತೆ ಒಂದು ಪುಟ ಬರೆಯಬಹುದು. ಕೆ.ಆರ್.ನಗರದ ಮಗು ಆಲೆಮನೆಗೆ ಹೋಗಿ, ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕ್ತಾರೆ ಅಂತ ಕೇಳಿ, ಹುಳಿ ಅಂಶ ತಗ್ಗಿ ಕೊಳೆ ಮೇಲೆ ಬರುವ ಬಗೆಯನ್ನು ಬರೆಯಬಹುದು. ಎಚ್.ಡಿ.ಕೋಟೆಯ ಮಗು ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಮೂಟೆ ಮೇಲಿನ 46ರ ಲೆಕ್ಕ ಬಿಡಿಸಬಹುದು: ನೂರು ಕೆ.ಜಿ.ಯಲ್ಲಿ 46 ಕೆ.ಜಿ. ಸಾರಜನಕ.

ಉರು ಹೊಡೆದದ್ದು ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತೆ. ಮನೆಯವರಿಗೆ ತಿಳಿಯುವ ಹಾಗೆ ಬರೆದದ್ದು ತಲೆಯಲ್ಲಿ ಉಳಿಯುತ್ತೆ.