ಡಾಕ್ಟರ್ ರಾಕ್ಸ್‌ಬರ್ಗರವರ ಚರಿತ್ರೆ

ಬಡವನಹಳ್ಳಿ, ಮಧುಗಿರಿ, ಶಿರಾ ಸೀಮೆಗಳಲ್ಲಿ ಕರಿಜಾಲಿಯನ್ನೂ ಬಿಳಿಜಾಲಿಯನ್ನೂ ನಾವು ಕಾಣುತ್ತೇವೆ. ಎರಡಕ್ಕೂ ಮುಳ್ಳುಂಟು, ಎಲೆಗಳೂ ಹೆಚ್ಚುಕಡಿಮೆ ಒಂದೇ ತೆರನಾಗಿವೆ. ಹೀಗೆ ಒಂದನ್ನೊಂದು ಹೋಲುವ ಗಿಡಗಳನ್ನು ವಿಂಗಡಿಸುವದರಲ್ಲಿ ಆಯುಷ್ಯವನ್ನು ಕಳೆದ ಡಾಕ್ಟರ್ ವಿಲಿಯಂ ರಾಕ್ಸ್‌ಬರ್ಗರವರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಇವರು 1751ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ವೈದ್ಯವಿದ್ಯೆಯನ್ನು ಕಲಿತು, 1776ರಲ್ಲಿ ಮದ್ರಾಸಿನಲ್ಲಿ ಕುಂಪಣಿಯ ಸೇವೆಗೆ ಸೇರಿದರು. ಆ ಸೀಮೆಯಲ್ಲಿ ಇವರು ಶ್ರಮಪಟ್ಟು ಕೂಡಿಸಿದ ಸಸ್ಯಗಳೆಲ್ಲಾ ಪ್ರವಾಹಕ್ಕೆ ಸಿಕ್ಕಿ ನಾಶವಾದವು. ಆದರೂ ಎದೆಗುಂದದೆ ಕೆಲಸವನ್ನು ತಿರಿಗಿ ಆರಂಭಿಸಿದರು. 1793ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾದರು. ಒಣಗಿದ ಹೂವಿನಲ್ಲಿ ಬಣ್ಣವೂ ಆಕಾರವೂ ಕೆಡುವವಷ್ಟೆ. ಆದದರಿಂದ ಈ ದೇಶದ ಚಿತ್ರಗಾರರಿಂದ ಸುಮಾರು 2,500 ಸಸ್ಯಚಿತ್ರಗಳನ್ನು ಬರೆಯಿಸಿದರು.

ಬಿಳಿಜಾಲಿಗೆ ಶಾಸ್ತ್ರನಾಮವನ್ನಿಟ್ಟವರು ಇವರೇ. ಬಿಳಿಯ ತೊಗಟೆಯುಳ್ಳದ್ದೆಂದು ಆ ಗ್ರೀಕ್ ಹೆಸರಿನ ಅರ್ಥ. ನಮ್ಮ ರೈತರು ಕರೆಯುವದೂ ಹಾಗೆಯೇ. ಆದರೆ ತೊಗಟೆಯೊಂದನ್ನೇ ನೋಡಿ ತೀರ್ಮಾನಿಸಲಾಗದು. ಹೂವನ್ನೂ ಕಾಯಿಯನ್ನೂ ನೋಡಬೇಕು. ಕರಿಜಾಲಿಯ ಹೂವು ಎಲೆಯ ಕಂಕುಳಲ್ಲಿ ಹೊನ್ನಿನ ಬಣ್ಣದ ಗುಂಡಿನಂತಿರುವದು. ಅದರ ಕಾಯಿ ಬೀಜಬೀಜದ ನಡುವೆ ಕುಗ್ಗಿ, ಪೋಣಿಸಿದ ಮಣಿಸರದಂತಿರುವದು. ಬಿಳಿಜಾಲಿಯ ಹೂಗಳಾದರೋ ಮಾಸಲು ಹಳದಿ. ಕೊಂಬೆಯ ತುದಿಯಲ್ಲಿ ದೊಡ್ಡ ಗೊಂಚಲಾಗಿ ಬಿಡುವವು. ಕಾಯಿ ಚಪ್ಪಟೆ, ನಡುನಡುವೆ ಹಾಗೆ ಕುಗ್ಗದು.

ರಾಕ್ಸ್‌ಬರ್ಗರವರು 1815ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡಾಗ ಇವರ ಹಿಂದೂದೇಶದ ಸಸ್ಯಗಳ ಮಹಾಗ್ರಂಥವು ಅಚ್ಚಾಗದೆ ಉಳಿದಿತ್ತು. ಇವರ ಸ್ನೇಹಿತರಾದ ಶ್ರೀರಾಮಪುರದ ವಿಲಿಯಂ ಕೇರಿ ಪಾದ್ರಿಗಳು 1820ರಲ್ಲಿ ಅದರ ಮೊದಲನೆಯ ಸಂಪುಟವನ್ನು ಮಿಶನ್ ಅಚ್ಚುಕೂಟದಲ್ಲಿ ಹೊರಡಿಸಿದರು. 1832ರಲ್ಲಿ ಮೂರು ಸಂಪುಟಗಳೂ ಪ್ರಕಟವಾದವು. ಒಮ್ಮೆ ನೀರುಪಾಲಾದ ಶ್ರಮವು ಹೀಗೆ ಸ್ನೇಹಿತನ ಕೈಯಿಂದ ನಮ್ಮ ವರೆಗೂ ಬಂದು ಮುಟ್ಟಿತು.