ಡಾಕ್ಟರ್ ಹೆಲೆನ್ ಟೌಸಿಗ್ ಅಮ್ಮನವರ ವೃತ್ತಾಂತ

ಹುಟ್ಟುವಾಗಲೇ ಹೃದಯದಲ್ಲಿ ದೋಷವುಳ್ಳ ಕೆಲವು ಕೂಸುಗಳ ತುಟಿಗಳೂ ಉಗುರುಗಳೂ ನೀಲಿಗಟ್ಟಿರುವದುಂಟು. ಅಂಥ ಮಕ್ಕಳು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾ ಕುಕ್ಕರುಗಾಲಲ್ಲಿ ಕೂತುಬಿಡುವವು. ಅವುಗಳನ್ನು ಬದುಕಿಸುವ ಉಪಾಯವನ್ನು ಕಂಡುಕೊಂಡವರಲ್ಲಿ ಅಮೇರಿಕಾ ದೇಶದ ಡಾಕ್ಟರ್ ಹೆಲೆನ್ ಟೌಸಿಗ್ ಅಮ್ಮನವರು ಮುಖ್ಯರು. ಅವರು ಮಕ್ಕಳ ವೈದ್ಯವನ್ನು ಕಲಿತ ಬಗೆಯನ್ನು ವಾಚಕರು ತಿಳಿಯತಕ್ಕದ್ದು.

ಇವರು ೧೮೯೮ನೇ ಇಸವಿ ಮೇ ೨೪ರಲ್ಲಿ ಮಸಾಚುಸೆಟ್ಸ್ ಸೀಮೆಯ ಕೇಂಬ್ರಿಜ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಂಡಿತರಾಗಿದ್ದರು. ಹುಡುಗಿಗೆ ೧೧ ವರುಷವಾದಾಗ ತಾಯಿಯು ಕ್ಷಯರೋಗದಿಂದ ತೀರಿಹೋದರು. ಬುದ್ಧಿಯು ಚುರುಕಾಗಿದ್ದರೂ ಅಕ್ಷರ ಕೂಡಿಸಿ ಓದುವದು ಆ ಹುಡುಗಿಗೆ ಬಹು ಪ್ರಯಾಸವಾಗಿತ್ತು. ತಂದೆಯು ಬೇಸರಪಡದೆ ಸಂಗಡ ಕೂತು ಓದಿಸಿದರು.

೧೯೨೧ರಲ್ಲಿ ಬರ್ಕ್ಲಿಯಲ್ಲಿ ಪದವಿಯನ್ನು ಹೊಂದಿದ ಮೇಲೆ ಹಾರ್ವರ್ಡಿನ ಸಾರ್ವಜನಿಕ ಆರೋಗ್ಯದ ಶಾಲೆಯನ್ನು ಸೇರಬೇಕೆಂದಿದ್ದರು. ಪಾಠಕ್ಕೆ ಬರಬಹುದು, ಸ್ತ್ರೀಯರಿಗೆ ಪದವಿ ಮಾತ್ರ ಇಲ್ಲವೆಂದು ಅಲ್ಲಿಯವರು ತಿಳಿಸಿದರು. ಅಲ್ಲಿನ ವೈದ್ಯಶಾಲೆಯಲ್ಲಿ ಒಂದೇ ಒಂದು ಪಾಠಕ್ಕೆ ಅಪ್ಪಣೆ ಸಿಕ್ಕಿತು. ಆದರೆ ಗಂಡು ವಿದ್ಯಾರ್ಥಿಗಳಿಂದ ದೂರವಾಗಿ ಮೂಲೆಯಲ್ಲಿ ಕೂಡಬೇಕು, ಅವರ ಸಂಗಡ ಮಾತಾಡಬಾರದು, ಸೂಕ್ಷ್ಮದರ್ಶಕವನ್ನು ಬೇರೆ ಕೋಣೆಯಲ್ಲಿ ನೋಡಬೇಕು ಎಂಬ ಕಟ್ಟಳೆಯಿತ್ತು. ಬೇರೆಯಾಗಿ ಕೂಡ್ರಿಸುವದೆಂದರೇನೆಂದು ನಮ್ಮ ವಾಚಕರಲ್ಲಿ ಅನೇಕರಿಗೆ ಹೇಳಿಕೊಡಬೇಕಾಗಿಲ್ಲ.

ಬಳಿಕ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಬೆಗ್ ಎಂಬ ಉಪಾಧ್ಯಾಯರು ಇವರ ಕೈಗೆ ಒಂದು ಎತ್ತಿನ ಹೃದಯವನ್ನು ಕೊಟ್ಟು ಪರೀಕ್ಷಿಸಹೇಳಿದರು. ಹೃದಯದ ಶಾಸ್ತ್ರದಲ್ಲಿ ಮನಸ್ಸು ನೆಟ್ಟದ್ದು ಅಂದಿನಿಂದಲೇ. ಅದೇ ಗುರುವಿನ ಸಲಹೆಯಂತೆ ಬಾಲ್ಟಿಮೋರ್ ಪಟ್ಟಣದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಗೆ ಹೋದರು. ಆ ಶಾಲೆಗೆ ಹಣ ಕೂಡಿಸಿಕೊಟ್ಟ ಸ್ತ್ರೀಯರು ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಷರತ್ತು ಹಾಕಿದ್ದರಿಂದ ೧೮೯೩ರಿಂದಲೇ ಅದರ ಬಾಗಿಲು ತೆರೆದಿತ್ತು. ೧೯೨೭ರಲ್ಲಿ ಡಾಕ್ಟರ್ ಪದವಿಯಾಯಿತು. ದೊಡ್ಡವರ ರೋಗಗಳ ವಿಭಾಗದಲ್ಲಿ ಸ್ತ್ರೀಗೆಂದಿದ್ದ ಸ್ಥಳವು ಕೂದಲೆಳೆಯಷ್ಟು ಹೆಚ್ಚು ಅಂಕ ಪಡೆದ ಬೇರೊಬ್ಬಾಕೆಗೆ ಹೋದದ್ದರಿಂದ ಇವರು ಮಕ್ಕಳ ವಿಭಾಗಕ್ಕೆ ಬಂದರು. ಆ ಸ್ಥಳ ಇವರಿಗೇ ಸಿಕ್ಕಿದ್ದರೆ ನೀಲಿ ಕೂಸುಗಳ ಗತಿ ಏನಾಗುತ್ತಿತ್ತೋ!

೧೯೩೦ರಲ್ಲಿ ಡಾಕ್ಟರ್ ಪಾರ್ಕ್ ಎಂಬವರು ಮಕ್ಕಳ ಹೃದ್ರೋಗದ ಚಿಕಿತ್ಸಾಲಯವನ್ನು ಇವರ ವಶಕ್ಕೆ ಕೊಟ್ಟರು. ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದ ಕಾಲವದು. ಕೀಲುವಾತದ ಜ್ವರದಿಂದ ಹೃದಯ ಕೆಟ್ಟ ಮಕ್ಕಳಿಗೆ ಹಾಸಿಗೆಯ ವಿಶ್ರಾಂತಿಯೇ ಮುಖ್ಯ ಮದ್ದು. ಅಷ್ಟರೊಳಗೆ ಅಮ್ಮನವರ ಕಿವಿ ಮಂದವಾಗುತ್ತಾ ಬಂತು. ಎದೆಯ ಸದ್ದನ್ನು ಕೇಳಿಯೇ ರೋಗವನ್ನರಿಯತಕ್ಕ ವೈದ್ಯರಿಗೆ ಇದಕ್ಕಿಂತ ದೊಡ್ಡ ಕಷ್ಟವುಂಟೇ? ಅವರು ಕೂಸಿನ ಎದೆಯ ಮೇಲೆ ಬೆರಳುಗಳನ್ನಿಟ್ಟು ಬಡಿತವನ್ನು ಅರಿಯಲು ಕಲಿತರು. ಕ್ಷಕಿರಣದ ಯಂತ್ರದ ಮುಂದೆ ಮಗುವನ್ನು ಅತ್ತಿತ್ತ ತಿರುಗಿಸಿ ಹೃದಯದ ಆಕಾರವನ್ನು ನೋಡುವರು. ಮಗು ಸತ್ತರೆ ಹೃದಯವನ್ನು ಬಿಚ್ಚಿದಾಗ ಕಂಡದ್ದನ್ನು ಮುಂಚೆ ನೋಡಿದ್ದಕ್ಕೆ ಹೋಲಿಸುವರು.

ಹೀಗೆ ವರುಷಗಟ್ಟಲೆ ನೋಡಲಾಗಿ ಒಂದು ಸಂಗತಿ ತಿಳಿಯಿತು. ಗರ್ಭದಲ್ಲಿರುವಾಗ ತೆರೆದಿದ್ದು ಹುಟ್ಟಿದ ಮೇಲೆ ಮುಚ್ಚಿಹೋಗುವ ಒಂದು ರಕ್ತನಾಳವುಂಟು. ಅದು ಮುಚ್ಚಿದೊಡನೆ ನೀಲಿ ಕೂಸುಗಳ ಸ್ಥಿತಿ ಕೆಡುವದು. ಆದಕಾರಣ ಶ್ವಾಸಕೋಶಕ್ಕೆ ರಕ್ತ ಸಾಲದಿರುವದೇ ರೋಗ. ಹೊಸ ದಾರಿ ಮಾಡಿಕೊಟ್ಟರೆ ಬದುಕಬಹುದು. ಬಾಸ್ಟನ್ನಿನ ಡಾಕ್ಟರ್ ಗ್ರಾಸ್ ಎಂಬವರು ಈ ಮಾತನ್ನು ಲಕ್ಷಿಸಲಿಲ್ಲ. ೧೯೪೧ರಲ್ಲಿ ಹಾಪ್ಕಿನ್ಸಿಗೆ ಬಂದ ಡಾಕ್ಟರ್ ಬ್ಲಲಾಕರು ಲಕ್ಷಿಸಿದರು. ಅವರ ಸಹಾಯಕನಾದ ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದವನು, ಕಾಲೇಜಿನ ಮೆಟ್ಟಲು ಹತ್ತಲಾಗದ ಬಡವನು, ನಾಯಿಗಳಲ್ಲಿ ಆ ಶಸ್ತ್ರಕ್ರಿಯೆಯನ್ನು ಮಾಡಿ ಸಾಧಿಸಿದನು.

೧೯೪೪ನೇ ನವೆಂಬರ್ ೨೯ರಲ್ಲಿ ೧೫ ತಿಂಗಳ ಹೆಣ್ಣು ಕೂಸಿಗೆ, ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಹೊಲಿದರು. ಥಾಮಸನು ಬ್ಲಲಾಕರ ಬೆನ್ನ ಹಿಂದೆ ನಿಂತು ಸೂಚನೆ ಕೊಡುತ್ತಿದ್ದನು. ಕೂಸು ಆಗ ಚೇತರಿಸಿಕೊಂಡರೂ ಮರುವರುಷ ತೀರಿಹೋಯಿತು. ಮೂರನೆಯವನಾದ ೬ ವರುಷದ ಹುಡುಗನ ನೀಲಿ ತುಟಿಗಳು ಮೇಜಿನ ಮೇಲೆಯೇ ಕೆಂಪೇರಿದವು. ಆ ಮೇಲೆ ದೂರದೂರದ ತಾಯಿತಂದೆಗಳು ಮಕ್ಕಳನ್ನೆತ್ತಿಕೊಂಡು ಬಾಲ್ಟಿಮೋರಿಗೆ ಬರತೊಡಗಿದರು.

ಹಾಪ್ಕಿನ್ಸಿನವರು ಇವರಿಗೆ ಪೂರ್ಣ ಪ್ರೊಫೆಸರ್ ಪದವಿಯನ್ನು ಕೊಟ್ಟದ್ದು ೧೯೫೯ರಲ್ಲಿ. ಮುಪ್ಪಿನಲ್ಲಿಯೂ ಅವರು ಹಕ್ಕಿಗಳ ಹೃದಯದ ಹುಟ್ಟುದೋಷಗಳನ್ನು ಪರೀಕ್ಷಿಸುತ್ತಿದ್ದರು. ೧೯೮೬ನೇ ಮೇ ೨೦ರಲ್ಲಿ ಮೋಟಾರು ಅಪಘಾತದಿಂದ ತೀರಿಹೋದಾಗ ೮೮ ವರುಷ ತುಂಬಲು ನಾಲ್ಕೇ ದಿನ ಉಳಿದಿತ್ತು.