ಬಣ್ಣದಲ್ಲಿ ಮದ್ದನ್ನು ಕಂಡ ಪಾಲ್ ಎರ್ಲಿಖ್

ಸೇವಿಸಿದ ಔಷಧವು ಶರೀರದೊಳಗೆ ಯಾವುದಕ್ಕೆ ಅಂಟಿ ತನ್ನ ಗುಣವನ್ನು ತೋರುತ್ತದೆ? ಈ ಒಂದು ಪ್ರಶ್ನೆಗೆ ಬಾಳನ್ನೇ ಮೀಸಲಿಟ್ಟ ಮಹನೀಯರು ಪಾಲ್ ಎರ್ಲಿಖ್. ಅವರು 1854ರ ಮಾರ್ಚ್ 14ರಂದು ಸೈಲೀಷಿಯ ಪ್ರಾಂತದ ಸ್ಟ್ರೇಲೆನ್ ಪಟ್ಟಣದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ಸೋದರಸಂಬಂಧಿ ಕಾರ್ಲ್ ವೈಗರ್ಟರಿಂದ ಸೂಕ್ಷ್ಮದರ್ಶಕದ ಗೀಳು ಹತ್ತಿತು. 1878ರಲ್ಲಿ ಲೈಪ್‌ಜಿಗ್‌ನಲ್ಲಿ ಅವರು ಪದವಿಗಾಗಿ ಒಪ್ಪಿಸಿದ ಪ್ರಬಂಧದ ವಸ್ತುವೂ ಅಂಗಾಂಶಗಳಿಗೆ ಬಣ್ಣ ಹಿಡಿಸುವ ವಿದ್ಯೆಯೇ.

ಒಂದು ಬಣ್ಣವು ಒಂದು ಬಗೆಯ ಕಣಕ್ಕೆ ಹಿಡಿಯುತ್ತದೆ, ಪಕ್ಕದ ಕಣವನ್ನು ಮುಟ್ಟದೆ ಬಿಡುತ್ತದೆ. ಎಲ್ಲರೂ ಕಂಡಿದ್ದ ಈ ಸಂಗತಿಯಲ್ಲಿ ಎರ್ಲಿಖ್ ಚಿಕಿತ್ಸೆಯ ದಾರಿಯನ್ನು ಕಂಡರು. ರೋಗಾಣುವಿಗೆ ಮಾತ್ರ ಅಂಟುವ ವಿಷ ದೊರೆತರೆ ರೋಗಿಯು ಉಳಿದು ರೋಗಾಣು ಅಳಿಯಬೇಕಲ್ಲವೆ? ನಡುವೆ ಕ್ಷಯಕ್ಕೆ ತುತ್ತಾಗಿ, 1888ರಲ್ಲಿ ಈಜಿಪ್ಟಿಗೆ ತೆರಳಿ ಚೇತರಿಸಿಕೊಂಡು ಮರಳಿದರು. 1891ರಲ್ಲಿ ಮೆಥಿಲೀನ್ ನೀಲಿಯನ್ನು ಇಬ್ಬರು ಮಲೇರಿಯಾ ರೋಗಿಗಳಿಗೆ ಕೊಟ್ಟು ಗುಣ ಕಂಡರು. 1908ರಲ್ಲಿ, ರೋಗನಿರೋಧ ಶಕ್ತಿಯ ಸಂಶೋಧನೆಗಾಗಿ, ಮೆಚ್ನಿಕಾಫರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಫ್ರಾನ್ಸಿಸ್ಕಾ ಸ್ಪೇಯರ್ ಎಂಬ ಮಹಿಳೆ ಗತಿಸಿದ ಪತಿಯ ಹೆಸರಿನಲ್ಲಿ ನೀಡಿದ ದಾನದಿಂದ 1906ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಇವರಿಗಾಗಿ ಸಂಶೋಧನಾಲಯವೊಂದು ಎದ್ದಿತು. ಅಲ್ಲಿ 1909ರಲ್ಲಿ ಜಪಾನಿನ ಸಹಾಚಿರೊ ಹಟಾ, ಹಿಂದೊಮ್ಮೆ ಬದಿಗಿರಿಸಿದ್ದ 606ನೆಯ ಸಂಯುಕ್ತವನ್ನು ಮತ್ತೆ ಪರೀಕ್ಷಿಸಿ, ಅದು ಸಿಫಿಲಿಸ್ ಎಂಬ ಪರಂಗಿರೋಗವನ್ನು ಅಳಿಸುವುದೆಂದು ತೋರಿಸಿದರು. 1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಹೊರಬಂದಿತು.

ಕೀರ್ತಿಯ ಬೆನ್ನಿಗೇ ಅಪವಾದವೂ ಬಂದಿತು. ಪಾಷಾಣದಿಂದ ಮಾಡಿದ ಮದ್ದು. ಕೆಲವರಿಗೆ ಹಾನಿಯಾಯಿತು, ಸಾವೂ ಸಂಭವಿಸಿತು. ಎರ್ಲಿಖ್ ಅದನ್ನು ಮುಚ್ಚಿಡಲಿಲ್ಲ. ವೈದ್ಯರಿಂದ ವರದಿಗಳನ್ನು ತರಿಸಿ ಪರಿಶೀಲಿಸಿದರು. 1912ರಲ್ಲಿ ನೀರಿನಲ್ಲಿ ಸುಲಭವಾಗಿ ಕರಗುವ ನಿಯೋಸಾಲ್ವರ್ಸಾನನ್ನು ನೀಡಿದರು. ಆದರೂ ನಿಂದೆ ನಿಲ್ಲದೆ, 1914ರಲ್ಲಿ ವಿಷಯವು ನ್ಯಾಯಾಲಯವನ್ನೇರಿತು. ದೇಹ ಬಳಲಿತ್ತು, 1915ರ ಆಗಸ್ಟ್ 20ರಂದು ಅವರು ಕಾಲವಶರಾದರು.

1912ರಲ್ಲಿಯೇ ಅವರು ಬೆಂಡಾ ಅವರೊಡನೆ ಟ್ರಿಪಾಫ್ಲೇವಿನ್ ಎಂಬ ಹಳದಿ ಬಣ್ಣದ ಮದ್ದನ್ನು ಕಂಡುಹಿಡಿದಿದ್ದರು. ಅದರ ಅಕ್ರಿಡೀನ್ ಕುಲದ ಬಣ್ಣಗಳು ಡಿ.ಎನ್.ಎ.ಯ ಏಣಿಯಂತಹ ಎಳೆಯಲ್ಲಿ ಮೆಟ್ಟಿಲುಗಳ ನಡುವೆ ನುಸುಳಿ ಕೂಡುತ್ತವೆಂದು 1961ರಲ್ಲಿ ಲಿಯೊನಾರ್ಡ್ ಲರ್ಮನ್ ಪ್ರತಿಪಾದಿಸಿದರು. ಹೀಗೆ ಮದ್ದು ಹೊಕ್ಕಾಗ ಎಳೆಯ ತಿರುಚು ಸಡಿಲಿ, ಅದು ನೀಳವಾಗುತ್ತದೆ. 1986ರಲ್ಲಿ ಬಂದ ಪರಮಾಣುಬಲ ಸೂಕ್ಷ್ಮದರ್ಶಕವು ಮೊನಚಾದ ಸೂಜಿಯಿಂದ ಎಳೆಯನ್ನು ತಡವಿ, ಆ ನೀಳವನ್ನು ಅಳೆಯಲು ನೆರವಾಯಿತು. ಅಂಟದ ಮದ್ದು ನಾಟದೆಂಬ ಎರ್ಲಿಖರ ನಂಬುಗೆಗೆ ಅವರ ಕಾಲದ ಮಸೂರಕ್ಕೆ ನಿಲುಕದ ಸಾಕ್ಷಿಯು ಹೀಗೆ ದೊರೆಯಿತು.